ಗ್ರಾಮ ಪಂಚಾಯಿತಿ ಯೋಜನೆಗೆ ರೈತರ ಕೆಲಸಗಳನ್ನು ಸೇರಿಸುವುದು ಹೇಗೆ? ಹೊಲದ ಬದುವಿನಿಂದ ಸಭೆಯ ನಡಾವಳಿಯವರೆಗೆ ಸಮಗ್ರ ಮಾರ್ಗದರ್ಶಿ

ಎಷ್ಟೋ ಊರುಗಳಲ್ಲಿ ಪ್ರತಿ ವರ್ಷ ಇದೇ ನಡೆಯುತ್ತದೆ. ಗ್ರಾಮ ಸಭೆಯಲ್ಲಿ ರೈತರು ಎದ್ದು ನಿಂತು ಚೆಕ್‌ಡ್ಯಾಂ ಕೇಳುತ್ತಾರೆ, ಹೊಲಕ್ಕೆ ದಾರಿ ಕೇಳುತ್ತಾರೆ, ಕೆರೆ ಹೂಳು ತೆಗೆಸಿ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಕ್ರಿಯಾ ಯೋಜನೆ (ಆ ವರ್ಷ ಪಂಚಾಯಿತಿ ಮಾಡಬೇಕಾದ ಕೆಲಸಗಳ ಪಟ್ಟಿ) ತೆರೆದು ನೋಡಿದರೆ ಊರೊಳಗಿನ ಚರಂಡಿ, ಸಿಸಿ ರಸ್ತೆ, ಅಲ್ಲೊಂದು ಇಲ್ಲೊಂದು ಕೃಷಿ ಹೊಂಡ. ಯಾಕೆಂದು ಕೇಳಿದರೆ ನಡಾವಳಿಯಲ್ಲಿ, ಅಂದರೆ ಸಭೆಯ ತೀರ್ಮಾನಗಳ ದಾಖಲೆಯಲ್ಲಿ, ಬಂದಿಲ್ಲ ಎಂಬ ಉತ್ತರ.

ಇದರಲ್ಲಿ ರಾಜಕೀಯ ಇಲ್ಲವೆಂದು ಹೇಳುವುದಿಲ್ಲ. ಆದರೆ ಹೆಚ್ಚಿನ ಕಡೆ ಕೆಲಸ ಕೆಡುವುದು ಸಭೆಗೆ ಮೊದಲೇ. ಬೇಡಿಕೆ ಬಾಯಿಮಾತಿನಲ್ಲಿರುತ್ತದೆ, ಜಾಗದ ಸರ್ವೆ ನಂಬರ್ ಗೊತ್ತಿರುವುದಿಲ್ಲ, ಅದು ಯಾವ ಇಲಾಖೆಯ ಕೆಲಸ ಎಂಬುದನ್ನು ಯಾರೂ ವಿಚಾರಿಸಿರುವುದಿಲ್ಲ. ಸಭೆ ಸೇರುವ ಹೊತ್ತಿಗೆ ಬೇರೆಯವರ ಪಟ್ಟಿ ಸಿದ್ಧವಾಗಿ ಮೇಜಿನ ಮೇಲಿರುತ್ತದೆ. ಈ ಮಾರ್ಗದರ್ಶಿ ಬರೆದಿರುವುದು ಆ ಮೇಜಿನ ಮೇಲೆ ರೈತರ ಪಟ್ಟಿಯೂ ಇರಲಿ ಎಂದು.

ಇಲ್ಲಿನ ಉದಾಹರಣೆಗಳು ತುಮಕೂರು, ಚಿತ್ರದುರ್ಗದ ಕಡೆಯ ಮಳೆಯಾಶ್ರಿತ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟವು. ಮಲೆನಾಡಿನವರು, ನಾಲೆ ಬಯಲಿನವರು ಬೆಳೆ, ತಿಂಗಳು ಬದಲಿಸಿಕೊಳ್ಳಿ. ಹಂತಗಳ ಕ್ರಮ ಮಾತ್ರ ಬದಲಿಸಬೇಡಿ.

ಕಾಲದ ಲೆಕ್ಕ: ಅಕ್ಟೋಬರ್ ಸಭೆಗೆ ಆಗಸ್ಟ್‌ನಲ್ಲೇ ತಯಾರಿ

ಮುಂದಿನ ಹಣಕಾಸು ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿಸುವ ಜನ ಯೋಜನಾ ಅಭಿಯಾನ 2018ರಿಂದ ಸಾಮಾನ್ಯವಾಗಿ ಅಕ್ಟೋಬರ್ 2ಕ್ಕೆ ಶುರುವಾಗುತ್ತದೆ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ಆಗ ಅಂಗೀಕಾರವಾದದ್ದು ಏಪ್ರಿಲ್ 1ರಿಂದ ಜಾರಿಗೆ ಬರಬೇಕು.

ತೊಂದರೆ ಇರುವುದೇ ಇಲ್ಲಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ರೈತನಿಗೆ ಉಸಿರಾಡಲು ಪುರಸೊತ್ತಿಲ್ಲ. ಶೇಂಗಾ ಕೀಳುವುದು, ರಾಗಿ ಕೊಯ್ಲು, ಒಕ್ಕಣೆ, ಕೆಲವೆಡೆ ಹಿಂಗಾರು ಬಿತ್ತನೆ ಎಲ್ಲವೂ ಅದೇ ತಿಂಗಳುಗಳಲ್ಲಿ. ಆದ್ದರಿಂದ ಸಭೆಯ ತಯಾರಿಯನ್ನು ಸಭೆಯ ತಿಂಗಳಿಗೆ ಬಿಡಬಾರದು. ಆಗಸ್ಟ್ ಕೊನೆಗೆ ಗುಂಪು ಕೂಡಲಿ, ಸೆಪ್ಟೆಂಬರ್‌ನಲ್ಲಿ ಊರು ಸುತ್ತುವ ಕೆಲಸ ಮುಗಿಯಲಿ, ಗಾಂಧಿ ಜಯಂತಿಗೆ ಮೊದಲೇ ಬರಹದ ಪಟ್ಟಿ ಕೈಯಲ್ಲಿರಲಿ.

ಬೇಕಾಗುವ ಸಾಮಗ್ರಿ

ಕಂದಾಯ ಇಲಾಖೆಯ ಗ್ರಾಮ ನಕ್ಷೆಯ ಒಂದು ದೊಡ್ಡ ಪ್ರತಿ. ಕೆಲಸ ಆಗಬೇಕಾದ ಜಾಗದ ಅಕ್ಕಪಕ್ಕದ ಪಹಣಿಗಳು. ಕಳೆದ ಎರಡು ಮೂರು ವರ್ಷದ ಕ್ರಿಯಾ ಯೋಜನೆಯ ಪ್ರತಿ. 30 ಮೀಟರ್ ಟೇಪು, ಎರಡು ನೋಟ್ ಪುಸ್ತಕ, ರಂಗೋಲಿ ಪುಡಿ, ಒಂದು ಸೇರು ಹುಣಸೆ ಬೀಜ. ಒಬ್ಬರ ಮೊಬೈಲ್‌ನಲ್ಲಾದರೂ ದಿಶಾಂಕ್ ಆ್ಯಪ್ ಇರಬೇಕು. ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಗಡಿಯ ವಿಷಯದಲ್ಲಿ ಆ್ಯಪ್ ಹೇಳಿದ್ದೇ ಕೊನೆ ಮಾತಲ್ಲ, ಒತ್ತುವರಿ ತಗಾದೆ ಇದ್ದರೆ ಸರ್ವೇಯರ್ ಬಂದು ಅಳೆಯಲೇಬೇಕು.

ಸುಜಲ-3 ಜಲಾನಯನ ಅಭಿವೃದ್ಧಿ ಯೋಜನೆ ನಡೆದ ಜಿಲ್ಲೆಗಳಲ್ಲಿ (ತುಮಕೂರು, ದಾವಣಗೆರೆ, ಗದಗ, ಕೊಪ್ಪಳ, ಯಾದಗಿರಿ, ಬೀದರ್ ಮೊದಲಾದವು) ಕೆಲವು ಕಿರು ಜಲಾನಯನಗಳಿಗೆ ಭೂ ಸಂಪನ್ಮೂಲ ಮಾಹಿತಿ ಸಿದ್ಧವಾಗಿದೆ. ಮಣ್ಣಿನ ಆಳ, ಇಳಿಜಾರು, ಯಾವ ಜಾಗಕ್ಕೆ ಯಾವ ಬದು ಎಂಬುದೆಲ್ಲ ಅದರಲ್ಲಿ ಸರ್ವೆ ನಂಬರ್ ಪ್ರಕಾರ ಇದೆ. ನಿಮ್ಮ ಊರಿನದು ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಇದ್ದರೆ ಅರ್ಧ ಕೆಲಸ ಆದಂತೆ.

ಹಂತ 1: ಗುಂಪು ಕಟ್ಟುವುದು

ಹತ್ತು ಹನ್ನೆರಡು ಜನ ಸಾಕು. ಆದರೆ ಯಾರು ಎಂಬುದು ಮುಖ್ಯ. ಹಳ್ಳದ ಮೇಲಿನ ಹೊಲದವರು, ಕೆಳಗಿನ ಹೊಲದವರು, ಕೆರೆ ಅಚ್ಚುಕಟ್ಟಿನ ತುದಿಯವರು, ಕುರಿ ಮೇಯಿಸುವವರು, ಕೋರಿಗೆ (ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ) ಅಥವಾ ಗುತ್ತಿಗೆಗೆ ಮಾಡುವವರು ಎಲ್ಲರ ಕಡೆಯಿಂದಲೂ ಒಬ್ಬೊಬ್ಬರು ಇರಲಿ. ಪಹಣಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಕೋರಿನವರು ರೈತರಲ್ಲ ಎಂದಾಗುವುದಿಲ್ಲ. ಊರಿನಲ್ಲಿ ನೀರಗಂಟಿ ಇದ್ದರೆ ಅವರನ್ನು ಮೊದಲು ಕರೆಯಿರಿ. ಕೆರೆಯ ತೂಬು, ಕೋಡಿ, ಕಾಲುವೆಯ ಸ್ಥಿತಿ ಅವರಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ.

ಹೆಂಗಸರನ್ನು ಸಹಿಗೆ ಮಾತ್ರ ಕರೆಯುವ ರೂಢಿ ಬಿಡಬೇಕು. ಕಳೆ ಕೀಳುವುದು, ಮೇವು ತರುವುದು, ಬೀಜ ಕಾಪಿಡುವುದು ಅವರ ಕೈಯಲ್ಲಿದೆ. ಅವರ ಬೇಡಿಕೆ ಬೇರೆಯೇ ಇರುತ್ತದೆ. ಸ್ವಸಹಾಯ ಸಂಘದ ವಾರದ ಸಭೆಗೆ ನೀವೇ ಹೋಗಿ ಅಲ್ಲಿ ಬಂದ ಮಾತು ಬರೆದುಕೊಳ್ಳಿ. ಬೇಸಾಯ, ದನಕರುಗಳ ವಿಷಯದಲ್ಲಿ ಊರವರಿಗೆ ನೆರವಾಗುವ ಕೃಷಿ ಸಖಿ, ಪಶು ಸಖಿ ಇದ್ದರೆ ಗುಂಪಿಗೆ ಸೇರಿಸಿಕೊಳ್ಳಿ.

ಎಚ್ಚರಿಕೆ: ಗುಂಪಿನಲ್ಲಿ ಎಲ್ಲರೂ ಒಂದೇ ಕೇರಿಯವರಾಗಿದ್ದರೆ, ಇಲ್ಲವೇ ಎಲ್ಲರಿಗೂ ಬೋರ್‌ವೆಲ್ ಇದ್ದರೆ ಅಲ್ಲಿಗೇ ನಿಲ್ಲಿಸಿ, ಗುಂಪನ್ನು ಮತ್ತೆ ಕಟ್ಟಿ. ಹೀಗೆ ತಯಾರಾದ ಪಟ್ಟಿಗೆ ಸಭೆಯಲ್ಲಿ ವಿರೋಧ ಬರುವುದು ಖಂಡಿತ. ಬರಬೇಕಾದದ್ದೂ ನ್ಯಾಯವೇ.

ಹಂತ 2: ಹಿಂದಿನ ಕಡತ ಓದುವುದು

ಪಂಚಾಯಿತಿ ಕಚೇರಿಗೆ ಇಬ್ಬರು ಹೋಗಿ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಲ್ಲಿ ಹಿಂದಿನ ಕ್ರಿಯಾ ಯೋಜನೆ ಕೇಳಿ ಪಡೆಯಿರಿ. ಇ-ಗ್ರಾಮಸ್ವರಾಜ್ ಪೋರ್ಟಲ್‌ನಲ್ಲೂ ಪಂಚಾಯಿತಿವಾರು ಯೋಜನೆ ನೋಡಬಹುದು. ಮೂರು ಸಂಗತಿ ಗುರುತು ಹಾಕಿಕೊಳ್ಳಿ. ಯಾವ ಕೆಲಸ ಆಗಿದೆ, ಯಾವುದು ಪಟ್ಟಿಯಲ್ಲಿದ್ದೂ ಆಗಿಲ್ಲ, ಯಾವುದು ಆಗಿದೆ ಎಂದು ಬರೆದಿದ್ದರೂ ಹೊಲದಲ್ಲಿ ಕಾಣುತ್ತಿಲ್ಲ.

ಪಟ್ಟಿಯಲ್ಲಿದ್ದೂ ಆಗದ ಕೆಲಸವೇ ನಿಮಗೆ ಎಲ್ಲಕ್ಕಿಂತ ಅನುಕೂಲದ್ದು. ಅದಕ್ಕೆ ಒಮ್ಮೆ ಸಭೆಯ ಒಪ್ಪಿಗೆ ಸಿಕ್ಕಿದೆ. ಏಕೆ ನಿಂತಿತು ಎಂದು ಕೇಳಿದರೆ ಜಾಗದ ತಕರಾರು, ಅಂದಾಜು ಪಟ್ಟಿ ಆಗಿಲ್ಲ, ಕೂಲಿಯವರು ಬರಲಿಲ್ಲ ಎಂಬ ಖಚಿತ ಕಾರಣ ಸಿಗುತ್ತದೆ. ಆ ಕಾರಣ ಬಗೆಹರಿಸಿಕೊಂಡೇ ಮುಂದಿನ ಸಭೆಗೆ ಹೋಗಿ.

ಹಂತ 3: ಮಳೆಗಾಲ ಮುಗಿಯುವ ಮೊದಲು ಊರು ಸುತ್ತುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಕಟ್ಟೆಯ ಮೇಲೆ ಕೂತು ಪಟ್ಟಿ ಬರೆದರೆ ನೆನಪಿಗೆ ಬರುವುದು ರಸ್ತೆ, ದೀಪ, ಚರಂಡಿ. ಹೊಲದಲ್ಲಿ ನಡೆದರೆ ಕೊಚ್ಚಿಹೋದ ಬದು ಕಾಣುತ್ತದೆ.

ಹುಬ್ಬೆ, ಉತ್ತರೆ ಮಳೆ ಸುರಿಯುವ ದಿನಗಳು, ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗಿನ ಕಾಲ, ಇದಕ್ಕೆ ಸರಿ. ಒಳನಾಡಿನಲ್ಲಿ ದೊಡ್ಡ ಮಳೆ ಬೀಳುವುದೂ ಆಗಲೇ. ಜೋರು ಮಳೆ ಬಿದ್ದ ಮಾರನೇ ಬೆಳಿಗ್ಗೆ ಹೊರಡಿ. ನೀರು ಎಲ್ಲಿಂದ ಬಂತು, ಎಲ್ಲಿ ಕೊರೆಯಿತು, ಎಲ್ಲಿ ನಿಂತಿತು ಎಂಬುದಕ್ಕೆ ಆಗ ಕಣ್ಣೆದುರು ಸಾಕ್ಷಿ ಇರುತ್ತದೆ. ಹುಲ್ಲು ಒರಗಿದ ದಿಕ್ಕು, ಬೇಲಿಗೆ ಸಿಕ್ಕಿಕೊಂಡ ಕಸದ ಎತ್ತರ, ಹೊಲದ ಮೂಲೆಯಲ್ಲಿ ಕೂತ ಮೆಕ್ಕಲು ನೋಡಿದರೆ ಸಾಕು. ಫೆಬ್ರವರಿಯಲ್ಲಿ ಇದೇ ಜಾಗ ನೋಡಿದವರಿಗೆ ಬರೀ ಒಣ ಹಳ್ಳ ಕಾಣುತ್ತದೆ.

ನಡೆಯುವ ಕ್ರಮ ಮೇಲಿನಿಂದ ಕೆಳಕ್ಕೆ. ಗುಡ್ಡದ ಬುಡ ಅಥವಾ ಗೋಮಾಳದ ದಿಬ್ಬದಿಂದ ಶುರುಮಾಡಿ, ಬೆದ್ದಲು ಹೊಲ ದಾಟಿ, ಹಳ್ಳ ಹಿಡಿದು ಕೆರೆಗೆ, ಅಲ್ಲಿಂದ ಅಚ್ಚುಕಟ್ಟಿನ ಕೊನೆಗೆ. ಜಲಾನಯನದ ಕೆಲಸದಲ್ಲೂ ಇದೇ ಕ್ರಮ. ಮೇಲೆ ಕಂದಕ ಬದು ಇಲ್ಲದೆ ಕೆಳಗೆ ಚೆಕ್‌ಡ್ಯಾಂ ಕಟ್ಟಿದರೆ ಎರಡು ಮೂರು ಮಳೆಗಾಲದಲ್ಲೇ ಹೂಳು ತುಂಬಿ ಅದು ಬರೀ ಕಟ್ಟೆಯಾಗಿ ಉಳಿಯುತ್ತದೆ. ಎಷ್ಟೋ ಊರುಗಳಲ್ಲಿ ಅಂಥ ಕಟ್ಟೆಗಳು ಕಾಣಸಿಗುತ್ತವೆ. ರೈತರ ಹೆಸರಿನಲ್ಲಿ ಬಂದ ಹಣ ಹೀಗೆ ಮಣ್ಣಿನಡಿ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ತೊಂದರೆ ಕಂಡ ಪ್ರತಿ ಜಾಗದಲ್ಲೂ ನಿಂತು ಐದು ಸಾಲು ಬರೆಯಿರಿ: ಸರ್ವೆ ನಂಬರ್, ಜಾಗದ ಊರ ಹೆಸರು, ತೊಂದರೆ ಏನು, ಯಾರ ಯಾರ ಜಮೀನಿಗೆ, ಹಿರಿಯರು ಹೇಳುವ ಕಾರಣ. ಅಳೆಯಬಹುದಾದದ್ದನ್ನು ಟೇಪು ಹಿಡಿದು ಅಳೆಯಿರಿ. ಒಂದು ಫೋಟೊ ತೆಗೆಯಿರಿ. ಫೋಟೊದಲ್ಲಿ ಒಬ್ಬ ಮನುಷ್ಯ ನಿಂತಿರಲಿ, ಕೊರಕಲಿನ ಆಳ ಆಗ ನೋಡಿದ ಕೂಡಲೇ ಅರ್ಥವಾಗುತ್ತದೆ.

ಪಹಣಿಯಲ್ಲಿ ಖರಾಬು (ಸಾಗುವಳಿಗೆ ಸೇರದ ಜಾಗ) ಕಾಲಂ ನೋಡುವುದನ್ನು ಮರೆಯಬೇಡಿ. ಹಳ್ಳ, ದಾರಿ, ಕಾಲುವೆಯಂಥ ಸಾರ್ವಜನಿಕ ಜಾಗ ಸಾಮಾನ್ಯವಾಗಿ 'ಬಿ' ಖರಾಬಿನಲ್ಲಿರುತ್ತದೆ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಚುಕ್ಕೆ ಗೆರೆಯಲ್ಲಿ ಕಂಡರೆ, ಈಗ ಅದು ಉಳುಮೆಯಲ್ಲಿ ಕಳೆದುಹೋಗಿದ್ದರೂ ಕೇಳಲು ನಿಮಗೆ ಆಧಾರ ಉಂಟು. ನಕ್ಷೆಯಲ್ಲಿ ಇಲ್ಲದೆ ಖಾಸಗಿ ಹಿಡುವಳಿಯಲ್ಲೇ ಹಾಯ್ದ ದಾರಿಯಾದರೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಅದಿಲ್ಲದೆ ಕೆಲಸ ಪಟ್ಟಿಗೆ ಸೇರಿದರೂ ಜೆಸಿಬಿ ಬಂದ ದಿನ ಜಗಳವಾಗಿ ನಿಲ್ಲುತ್ತದೆ.

ಹಂತ 4: ನೆಲದ ಮೇಲೆ ನಕ್ಷೆ, ಮಳೆ ನಕ್ಷತ್ರದ ಪಟ್ಟಿ

ಸುತ್ತಾಟದಲ್ಲಿ ಹತ್ತು ಜನ ನೋಡಿದ್ದನ್ನು ಊರು ನೋಡಬೇಕು. ಸಂಜೆ ದೇವಸ್ಥಾನದ ಮುಂದೆಯೋ ಶಾಲೆ ಅಂಗಳದಲ್ಲೋ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯಿರಿ. ಹಳ್ಳಕ್ಕೆ ಒಂದು ಬಣ್ಣ, ದಾರಿಗೆ ಒಂದು, ತೊಂದರೆಯ ಜಾಗಕ್ಕೆ ಕಲ್ಲು. ನೆಲದ ಮೇಲೇ ಏಕೆ? ಕಾಗದದ ನಕ್ಷೆಯಲ್ಲಿ ಪೆನ್ನು ಹಿಡಿದವರೊಬ್ಬರೇ ಊರು ಬರೆಯುತ್ತಾರೆ. ನೆಲದ ಮೇಲಾದರೆ ಅಜ್ಜಿಯೊಬ್ಬರು ಬಂದು ಕೋಲಿನಲ್ಲಿ ಗೆರೆ ತಿದ್ದಿ, "ಗೋಕಟ್ಟೆ ಇದ್ದದ್ದು ಅಲ್ಲಲ್ಲಪ್ಪ, ಇಲ್ಲಿ" ಎನ್ನಬಹುದು. ಮುಗಿದ ಮೇಲೆ ಫೋಟೊ ತೆಗೆದು ಚಾರ್ಟ್ ಹಾಳೆಗೆ ಇಳಿಸಿ.

ಅದೇ ಸಂಜೆ ವರ್ಷದ ಪಟ್ಟಿಯನ್ನೂ ಮಾಡಿ. ತಿಂಗಳ ಬದಲು ಮಳೆ ನಕ್ಷತ್ರ ಹಿಡಿದು ಕೇಳಿದರೆ ಹಿರಿಯರಿಂದ ನಿಖರ ಉತ್ತರ ಬರುತ್ತದೆ. ಆರಿದ್ರೆಯಲ್ಲಿ ಏನು ಬಿತ್ತುತ್ತೀರಿ, ಪುಷ್ಯದಲ್ಲಿ ಮಳೆ ಕೈಕೊಟ್ಟರೆ ಏನು ಬದಲಿಸುತ್ತೀರಿ, ಮೇವು ಯಾವಾಗ ಮುಗಿಯುತ್ತದೆ, ಯಾವ ತಿಂಗಳು ಗುಳೆ ಹೋಗುತ್ತಾರೆ, ಸಾಲ ಯಾವಾಗ ತರುತ್ತಾರೆ. ಪಟ್ಟಿಯನ್ನು ಒಮ್ಮೆ ದೂರ ನಿಂತು ನೋಡಿದರೆ ಕಷ್ಟಗಳೆಲ್ಲ ಯಾವ ತಿಂಗಳಿಗೆ ಬಂದು ಕೂರುತ್ತವೆ ಎಂಬುದು ಗೊತ್ತಾಗುತ್ತದೆ. ಕೂಲಿ ಕೆಲಸ ಆ ತಿಂಗಳಿಗೆ ಬರುವಂತೆ ಕೇಳಬೇಕು. ಬದು ಹಾಕುವ ಕೆಲಸ ರಾಗಿ ಕೊಯ್ಲಿನ ಹೊತ್ತಿಗೆ ಬಂದರೆ ಯಾರೂ ಹೋಗುವುದಿಲ್ಲ, ಬೇಡಿಕೆ ಇಲ್ಲವೆಂದು ಕಡತ ಮುಚ್ಚುತ್ತದೆ.

ಹಂತ 5: ಬೇಡಿಕೆಯನ್ನು ಕಾಮಗಾರಿಯಾಗಿ ಬರೆಯುವುದು

ಒಂದೇ ಹಂತಕ್ಕೆ ಸಮಯವಿದೆ ಎಂದಾದರೆ ಇದನ್ನೇ ಮಾಡಿ. "ಹಳ್ಳಕ್ಕೆ ಚೆಕ್‌ಡ್ಯಾಂ ಮಾಡಿಸಿಕೊಡಬೇಕು" ಎಂಬ ಸಾಲಿನಿಂದ ಎಂಜಿನಿಯರ್‌ಗೆ ಏನೂ ತಿಳಿಯುವುದಿಲ್ಲ. ಯಾವ ಹಳ್ಳ, ಎಲ್ಲಿ, ಎಷ್ಟು ಅಗಲ, ಯಾರಿಗೆ ಉಪಯೋಗ? ಅದೇ ಬೇಡಿಕೆಯನ್ನು ಹೀಗೆ ಬರೆದು ನೋಡಿ (ಸಂಖ್ಯೆಗಳು ಮಾದರಿಗೆ ಮಾತ್ರ):

"ಸರ್ವೆ ನಂಬರ್ 42 ಮತ್ತು 43ರ ನಡುವಿನ ಹಳ್ಳದಲ್ಲಿ, ಹುಣಸೆ ತೋಪಿನ ಕೆಳಗಿನ ತಿರುವಿನ ನಂತರ. ಜಾಗ 'ಬಿ' ಖರಾಬು. ಹಳ್ಳದ ಅಗಲ 9 ಮೀಟರ್, ಎಡದಂಡೆ ಎತ್ತರ 1.5 ಮೀಟರ್, ಬಲದಂಡೆ 1.8 ಮೀಟರ್. ತಳದಲ್ಲಿ ಅರ್ಧ ಅಡಿ ಮರಳು, ಕೆಳಗೆ ಗಟ್ಟಿ. ಅಕ್ಕಪಕ್ಕ 14 ಕುಟುಂಬಗಳ 38 ಎಕರೆ, 6 ಬೋರ್‌ವೆಲ್, ಅದರಲ್ಲಿ 4 ಬೇಸಿಗೆಯಲ್ಲಿ ನಿಲ್ಲುತ್ತವೆ. ಮೇಲ್ಭಾಗದ 30 ಎಕರೆಯಲ್ಲಿ ಬದು ಇಲ್ಲ, ಮೊದಲು ಆ ಕೆಲಸ ಆಗಬೇಕು. ನೀರು ನಿಂತರೆ ಮುಳುಗುವ ಖಾಸಗಿ ಜಮೀನು ಇಲ್ಲ. ಕೆಳಗಿನ ಹೊಲದವರ ಒಪ್ಪಿಗೆ ಲಗತ್ತಿಸಿದೆ."

ಇಷ್ಟು ಬರೆದ ಕಾಗದವನ್ನು ಸುಲಭಕ್ಕೆ ಪಕ್ಕಕ್ಕಿಡಲು ಆಗುವುದಿಲ್ಲ. ಚೆಕ್‌ಡ್ಯಾಂನ ವಿನ್ಯಾಸ, ಎತ್ತರ, ಅಂದಾಜು ವೆಚ್ಚ ಎಂಜಿನಿಯರ್ ಕೆಲಸ. ಅದನ್ನು ನೀವು ಬರೆಯಲು ಹೋಗಬೇಡಿ. ಜಾಗ, ಕಾರಣ, ಫಲಾನುಭವಿಗಳು, ಒಪ್ಪಿಗೆ ಈ ನಾಲ್ಕು ನಿಮ್ಮದು.

ಕೃಷಿ ಹೊಂಡಕ್ಕೂ ಸಣ್ಣದೊಂದು ಲೆಕ್ಕ ಮಾಡಿಕೊಂಡೇ ಹೋಗಬೇಕು. ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡಕ್ಕೆ ಒಂದಕ್ಕೊಂದು ಇಳಿಜಾರು (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಕೊಟ್ಟರೆ ತಳ 6 ಮೀಟರ್ ಚೌಕವಾಗುತ್ತದೆ. ತುಂಬಿದಾಗ ಸುಮಾರು ಎರಡೂವರೆ ಲಕ್ಷ ಲೀಟರ್. ಒಂದು ಎಕರೆ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಐದರಲ್ಲಿ ಒಂದು ಪಾಲು ಹರಿದು ಬಂದೀತು ಎಂದುಕೊಂಡರೂ ಎಕರೆಗೆ 20 ಸಾವಿರ ಲೀಟರ್. ಅಂದರೆ ಒಂದು ಎಕರೆಯ ಹರಿವು ಮಾತ್ರ ಸಿಗುವ ಜಾಗದಲ್ಲಿ ಹೊಂಡ ತುಂಬಲು ಅಂಥ ಹನ್ನೆರಡು ಹದಿಮೂರು ಮಳೆ ಬೇಕು. ನಾಲ್ಕು ಎಕರೆಯ ನೀರು ಹಾದುಬರುವ ಜಾಗವಾದರೆ ಮೂರು ನಾಲ್ಕು ಮಳೆ ಸಾಕು. ಮಣ್ಣು, ಇಳಿಜಾರಿಗೆ ತಕ್ಕಂತೆ ಈ ಲೆಕ್ಕ ಹೆಚ್ಚು ಕಡಿಮೆ ಆಗುತ್ತದೆ. ಆದರೆ ರಸ್ತೆ ಪಕ್ಕ ಫೋಟೊಗೆ ಅನುಕೂಲವೆಂದು ದಿಬ್ಬದ ಮೇಲೆ ಹೊಂಡ ತೋಡುವ ತಪ್ಪನ್ನಂತೂ ತಪ್ಪಿಸುತ್ತದೆ. ನೀರು ಒಳಬರುವ ಕಡೆ ಹೂಳು ಗುಂಡಿ, ಸುತ್ತ ತಂತಿ ಬೇಲಿ, ಹತ್ತಿ ಬರಲು ಹಗ್ಗ ಅಥವಾ ಮೆಟ್ಟಿಲು ಬೇಡಿಕೆಯಲ್ಲೇ ಇರಲಿ. ಪ್ಲಾಸ್ಟಿಕ್ ಹೊದಿಕೆಯ ಹೊಂಡಕ್ಕೆ ಬಿದ್ದ ಮಗು ಜಾರಿ ಜಾರಿ ಮೇಲೆ ಬರಲಾಗುವುದಿಲ್ಲ. ಬೇಲಿ ಇಲ್ಲದ ಹೊಂಡಕ್ಕೆ ಒಪ್ಪಲೇಬೇಡಿ.

ರಾಗಿ ಬೆಳೆಯುವ ಊರಿನವರು ಒಕ್ಕಣೆ ಕಣವನ್ನೂ ಪಟ್ಟಿಯಲ್ಲಿ ಬರೆಯುವುದು ಒಳ್ಳೆಯದು. ಪ್ರತಿ ಜನವರಿಯಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿ ಬೈಕ್ ಸವಾರರು ಜಾರಿ ಬೀಳುವುದು ಎಲ್ಲರಿಗೂ ಗೊತ್ತು. ಆದರೂ ಕಣಕ್ಕೆ ಜಾಗ ಗುರುತಿಸಿ ಬೇಡಿಕೆ ಬರೆಯುವ ಊರು ಕಡಿಮೆ.

ಹಂತ 6: ಯಾರ ಕೆಲಸ, ಯಾವ ಹಣ

ಸರಿಯಾದ ಬೇಡಿಕೆ ತಪ್ಪು ಕಚೇರಿಗೆ ಹೋದರೆ ವರ್ಷ ಕಳೆಯುತ್ತದೆ. ಕೆರೆಯನ್ನೇ ತೆಗೆದುಕೊಳ್ಳಿ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಯಲ್ಲಿ, 40ರಿಂದ 2000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಯಲ್ಲಿ ಬರುತ್ತವೆ. ಇಲಾಖೆಯ ಕೆರೆಯ ತೂಬು ರಿಪೇರಿಯನ್ನು ಪಂಚಾಯಿತಿ ಕ್ರಿಯಾ ಯೋಜನೆಯಲ್ಲಿ ಕೇಳುತ್ತ ಕೂತರೆ ಆಗದು. ಅಂಥದಕ್ಕೆ ಗ್ರಾಮ ಸಭೆಯಲ್ಲಿ ನಿರ್ಣಯ ಮಾಡಿಸಿ ಇಲಾಖೆಗೆ ಕಳಿಸಬೇಕು.

ಪಟ್ಟಿಯನ್ನು ಮೂರು ಹಾಳೆಗಳಲ್ಲಿ ಬೇರೆ ಮಾಡಿ. ಮೊದಲನೆಯದು ಪಂಚಾಯಿತಿಯೇ ಮಾಡಬಹುದಾದ ಸಾಮೂಹಿಕ ಕೆಲಸ: ಬದು, ಗೋಕಟ್ಟೆ, ಕಾಲುವೆ ಹೂಳು, ಹೊಲದ ದಾರಿ, ಗಿಡ ನೆಡುವುದು. ಎರಡನೆಯದು ಒಬ್ಬೊಬ್ಬ ರೈತರ ಸವಲತ್ತು: ಹನಿ ನೀರಾವರಿ, ಯಂತ್ರೋಪಕರಣ, ದನದ ಕೊಟ್ಟಿಗೆ. ಇದಕ್ಕೆ ರೈತ ಸಂಪರ್ಕ ಕೇಂದ್ರ, ತೋಟಗಾರಿಕೆ, ಪಶು ಇಲಾಖೆ, ಉದ್ಯೋಗ ಖಾತರಿ ಎಂದು ಬೇರೆ ಬೇರೆ ದಾರಿ. ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಪಹಣಿ, ಆಧಾರ್ ಜೋಡಣೆ ಸರಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗದೆ, ತೀರಿಕೊಂಡ ತಂದೆ, ತಾತನ ಹೆಸರಲ್ಲೇ ಪಹಣಿ ಇರುವ ಕುಟುಂಬಗಳು ಎಡವುವುದು ಇಲ್ಲೇ. ಮೂರನೆಯದು ಪಂಚಾಯಿತಿ ಕೈಯಲ್ಲಿ ಇಲ್ಲದ್ದು: ವಿದ್ಯುತ್ ಸಮಯ, ಖರೀದಿ ಕೇಂದ್ರ, ಬೆಳೆ ವಿಮೆ. ಇವಕ್ಕೆ ನಿರ್ಣಯ ಮಾತ್ರ.

ಹಣದ ಬಗ್ಗೆ ಒಂದು ಮಾತು. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ 60 ಭಾಗವನ್ನು ನೈರ್ಮಲ್ಯ ಮತ್ತು ಕುಡಿಯುವ ನೀರು, ಮಳೆ ನೀರು ಸಂಗ್ರಹಕ್ಕೇ ಕಟ್ಟಿಹಾಕಲಾಗಿತ್ತು. ಚರಂಡಿ ಕೆಲಸ ಹೆಚ್ಚು ಕಾಣಲು ಅದೂ ಒಂದು ಕಾರಣ. ಹಣಕಾಸು ಆಯೋಗದ ಅವಧಿ, ಉದ್ಯೋಗ ಖಾತರಿಯ ನಿಯಮ ಎರಡೂ ಕಾಲಕಾಲಕ್ಕೆ ಬದಲಾಗುತ್ತವೆ. ಈ ವರ್ಷ ಯಾವ ಸುತ್ತೋಲೆ ಜಾರಿಯಲ್ಲಿದೆ, ಯಾವ ಶೀರ್ಷಿಕೆಯಲ್ಲಿ ಎಷ್ಟು ಹಣ ಬರಬಹುದು ಎಂಬುದನ್ನು ಸಭೆಗೆ ಮೊದಲೇ ಪಿಡಿಓ ಅವರಿಂದ ಬರೆಸಿಕೊಳ್ಳಿ. ಹಣದ ಅಂದಾಜಿಲ್ಲದ ಪಟ್ಟಿಯಲ್ಲಿ ಐವತ್ತು ಕೆಲಸ ಸೇರುತ್ತವೆ. ಅದರಲ್ಲಿ ಯಾವುದನ್ನು ಎತ್ತಿಕೊಳ್ಳುವುದು ಎಂಬ ಅಧಿಕಾರ ಆಗ ತಾನಾಗಿ ಬೇರೆಯವರ ಕೈಗೆ ಹೋಗುತ್ತದೆ.

ಹಂತ 7: ಯಾವುದು ಮೊದಲು

ಕೈ ಎತ್ತಿಸಿ ತೀರ್ಮಾನ ಮಾಡಬೇಡಿ. ಊರಿನ ದೊಡ್ಡವರ ಮುಖ ನೋಡಿ ಕೈ ಏಳುತ್ತದೆ. ಪ್ರತಿ ಕೆಲಸಕ್ಕೂ ಒಂದು ಚಿತ್ರ ಬರೆದ ಹಾಳೆ ಇಟ್ಟು, ಪ್ರತಿಯೊಬ್ಬರಿಗೂ ಐದು ಹುಣಸೆ ಬೀಜ ಕೊಟ್ಟು, ಬೇಕಾದ ಕಡೆ ಹಾಕಲು ಹೇಳಿ. ಹೆಂಗಸರದ್ದು ಬೇರೆ ಸುತ್ತು, ಬೇರೆ ಎಣಿಕೆ. ಎರಡು ಎಣಿಕೆಯಲ್ಲಿ ವ್ಯತ್ಯಾಸ ಬಂದರೆ ಒಟ್ಟು ಕೂಡಿ ಮುಗಿಸಿಬಿಡಬೇಡಿ, ಏಕೆ ಬಂತು ಎಂದು ಮಾತಾಡಿ. ಗಂಡಸರು ಚೆಕ್‌ಡ್ಯಾಂಗೆ ಹಾಕಿ, ಹೆಂಗಸರು ಗೋಕಟ್ಟೆಗೆ ಹಾಕಿದ್ದರೆ ದನಕ್ಕೆ ನೀರು ಹೊರುವವರು ಯಾರು ಎಂಬ ಪ್ರಶ್ನೆ ಸಭೆಗೆ ಬಂದಂತೆ.

ಬೀಜ ಎಣಿಸಿದ ಮೇಲೆ ಮೇಲಿನ ಏಳೆಂಟು ಕೆಲಸಗಳನ್ನು ಮತ್ತೊಮ್ಮೆ ಪರೀಕ್ಷಿಸಿ. ಎಷ್ಟು ಕುಟುಂಬಕ್ಕೆ ಉಪಯೋಗ? ಹಳೆಯದನ್ನು ರಿಪೇರಿ ಮಾಡಿದರೆ ಸಾಕಾಗುವುದಿಲ್ಲವೇ? ಇದರಿಂದ ಯಾರಿಗಾದರೂ ನಷ್ಟ ಉಂಟೇ? ಮುಂದೆ ನೋಡಿಕೊಳ್ಳುವವರು ಯಾರು? ನನ್ನ ಅಭಿಪ್ರಾಯದಲ್ಲಿ ರಿಪೇರಿ ಯಾವಾಗಲೂ ಹೊಸದಕ್ಕಿಂತ ಮುಂದಿರಬೇಕು. ಒಡೆದ ತೂಬು, ಮುಚ್ಚಿದ ಕಾಲುವೆ ಸರಿ ಮಾಡಿದರೆ ಅದೇ ವರ್ಷ ನೀರು ಹರಿಯುತ್ತದೆ. ಆದರೆ ರಿಪೇರಿಗೆ ಶಂಕುಸ್ಥಾಪನೆ ಇರುವುದಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ರೈತರೇ ಕೇಳಬೇಕು.

ಹಂತ 8: ವಾರ್ಡ್ ಸಭೆ, ಗ್ರಾಮ ಸಭೆ

ವಾರ್ಡ್ ಸಭೆಯನ್ನು ಕಡೆಗಣಿಸುವುದೇ ದೊಡ್ಡ ತಪ್ಪು. ಕಾಮಗಾರಿ ಪಟ್ಟಿ ಹುಟ್ಟುವುದು ಅಲ್ಲಿ, ಗ್ರಾಮ ಸಭೆಗೆ ಬರುವುದು ಆ ಪಟ್ಟಿಗಳ ಒಟ್ಟು. ವಾರ್ಡ್ ಸಭೆಯ ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಇದರಲ್ಲಿ ಯಾವುದು ಕಡಿಮೆಯೋ ಅದು. ಗ್ರಾಮ ಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ, ಅಲ್ಲೂ ಕಡಿಮೆ ಇರುವುದು. ಅಂದರೆ ನಿಮ್ಮ ಗುಂಪಿನವರು ಮನೆಗೊಬ್ಬರನ್ನು ಕರೆತಂದರೂ ವಾರ್ಡ್ ಸಭೆ ರೈತರಿಂದಲೇ ತುಂಬುತ್ತದೆ.

ದಿನಾಂಕ ಗೊತ್ತಾದ ಕೂಡಲೇ ಸಮಯ ವಿಚಾರಿಸಿ. ಕೊಯ್ಲಿನ ದಿನ ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಹೊಲದವರು ಬರಲಾರರು. ಸಂಜೆಗೆ ಹಾಕಿ ಎಂದು ಲಿಖಿತ ಮನವಿ ಕೊಡಿ.

ಸಭೆಯ ದಿನ ಪಟ್ಟಿಯ ಮೂರು ಪ್ರತಿ ಒಯ್ಯಿರಿ. ಒಂದು ಅಧ್ಯಕ್ಷತೆ ವಹಿಸಿದವರಿಗೆ, ಒಂದು ನೋಡಲ್ ಅಧಿಕಾರಿಗೆ, ಮೂರನೆಯದಕ್ಕೆ ಸ್ವೀಕೃತಿ ಸಹಿ ಮತ್ತು ಮೊಹರು ಹಾಕಿಸಿ ನೀವು ಇಟ್ಟುಕೊಳ್ಳಿ. ಮಾತಾಡುವವರು ಇಬ್ಬರು ಮೂವರು ಸಾಕು. ಪ್ರತಿ ಕೆಲಸಕ್ಕೂ ಸರ್ವೆ ನಂಬರ್, ಕುಟುಂಬಗಳ ಸಂಖ್ಯೆ, ಕಾರಣ ಹೇಳಿ ಕೂರಿ. ಕೃಷಿ, ತೋಟಗಾರಿಕೆ, ಪಶು ಇಲಾಖೆಯವರು ಬಂದಿದ್ದರೆ ಎರಡನೇ ಹಾಳೆಯನ್ನು ಅಲ್ಲೇ ಕೊಡಿ. ಬಂದಿಲ್ಲದಿದ್ದರೆ ಗೈರುಹಾಜರಿಯನ್ನು ನಡಾವಳಿಯಲ್ಲಿ ಬರೆಸಿ.

ಏಳುವ ಮೊದಲು ನಡಾವಳಿಯನ್ನು ಗಟ್ಟಿಯಾಗಿ ಓದಿಸಿ. ನಿಮ್ಮ ಕೆಲಸಗಳು ಸರ್ವೆ ನಂಬರ್ ಸಮೇತ, ಆದ್ಯತೆಯ ಕ್ರಮದಲ್ಲಿ ಬಂದಿವೆಯೇ ಎಂದು ಕೇಳಿಸಿಕೊಂಡು ಆಮೇಲೆ ಸಹಿ ಮಾಡಿ.

ಎಚ್ಚರಿಕೆ: ಸಭೆ ಮುಗಿಯುವ ಮೊದಲೇ ಖಾಲಿ ಪುಟಕ್ಕೆ ಸಹಿ ಕೇಳುವುದು, ನಡಾವಳಿ "ಆಮೇಲೆ ಬರೆಯುತ್ತೇವೆ" ಎನ್ನುವುದು, "ಇತರೆ ಕೃಷಿ ಕಾಮಗಾರಿಗಳು" ಎಂದು ಒಂದೇ ಸಾಲಿನಲ್ಲಿ ಎಲ್ಲವನ್ನೂ ಸೇರಿಸುವುದು, ಮನೆಮನೆಗೆ ಪುಸ್ತಕ ಕಳಿಸಿ ಸಹಿ ಪಡೆಯುವುದು. ಇವುಗಳಲ್ಲಿ ಒಂದು ಕಂಡರೂ ಸಹಿ ತಡೆಹಿಡಿದು, ಫೋಟೊ ತೆಗೆದು, ಅದೇ ದಿನ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಿರಿ.

ಹಂತ 9: ಪಟ್ಟಿಯ ಬೆನ್ನು ಹತ್ತುವುದು

ಗ್ರಾಮ ಸಭೆ ಆದ ಮೇಲೆ ಕಾಮಗಾರಿ ಪಟ್ಟಿ ಪೋರ್ಟಲ್‌ಗೆ ಏರಬೇಕು, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಮಂಜೂರಾತಿ ಆಗಬೇಕು. ಈ ನಾಲ್ಕರಲ್ಲಿ ಎಲ್ಲಿ ಬೇಕಾದರೂ ಕೆಲಸ ಕಳೆದುಹೋಗಬಹುದು. ಗುಂಪಿನಲ್ಲಿ ಒಬ್ಬರಿಗೆ ಇದೊಂದೇ ಜವಾಬ್ದಾರಿ ಕೊಡಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಮ್ಮೆ ಅವರು ಕಚೇರಿಗೆ ಹೋಗಿ ಪ್ರತಿ ಕೆಲಸದ ಮುಂದೆ ಸ್ಥಿತಿ ಬರೆದುಕೊಂಡು ಬರಲಿ. ಎಂಜಿನಿಯರ್ ಅಳತೆಗೆ ಬರುವ ದಿನ ಆ ಜಾಗದ ರೈತರು ಅಲ್ಲಿರಲಿ. ಇಲ್ಲದಿದ್ದರೆ ಜಾಗ ನೂರು ಮೀಟರ್ ಸರಿದು ಬೇರೆ ಯಾರದೋ ಹೊಲದ ಪಕ್ಕ ಹೋಗುವುದುಂಟು.

ಕೆಲಸ ಶುರುವಾದಾಗ ನಾಮಫಲಕದಲ್ಲಿ ಅಂದಾಜು ಮೊತ್ತ, ಅಳತೆ, ಮುಗಿಯಬೇಕಾದ ದಿನ ಇದೆಯೇ ನೋಡಿ. ಬದುವಿನ ಎತ್ತರ, ಕಾಲುವೆಯ ಉದ್ದವನ್ನು ನಿಮ್ಮ ಟೇಪಿನಲ್ಲೇ ಅಳೆದು ಬರೆದಿಡಿ. ಸಾಮಾಜಿಕ ಪರಿಶೋಧನೆಗೆ (ಆದ ಕೆಲಸ, ಖರ್ಚನ್ನು ಊರವರ ಮುಂದೆ ಪರಿಶೀಲಿಸಲು) ಬಂದವರು ಕೇಳುವುದು ಇದನ್ನೇ.

ಪಟ್ಟಿಯಲ್ಲಿದ್ದ ಕೆಲಸ ಕ್ರಿಯಾ ಯೋಜನೆಯಿಂದ ಬಿಟ್ಟುಹೋಗಿದ್ದರೆ ಮೊದಲು ಪಿಡಿಓ ಅವರಿಗೆ, ಸ್ವೀಕೃತಿಯ ಪ್ರತಿ ಲಗತ್ತಿಸಿ, ಕಾರಣ ಕೇಳಿ ಪತ್ರ ಕೊಡಿ. ಹದಿನೈದು ದಿನ ಕಾದು ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಆದ್ದರಿಂದ ದೂರು, ಬೇಸರ ಎಲ್ಲ ಬರೆಯದೆ ಇಷ್ಟೇ ಕೇಳಿ: ಇಂಥ ದಿನಾಂಕದ ಗ್ರಾಮ ಸಭೆ ನಡಾವಳಿಯ ದೃಢೀಕೃತ ಪ್ರತಿ, ಮತ್ತು ಅದರಲ್ಲಿನ ಇಂಥ ಕ್ರಮ ಸಂಖ್ಯೆಯ ಕಾಮಗಾರಿ ಕೈಬಿಟ್ಟ ಆದೇಶದ ಪ್ರತಿ. ಆ ಎರಡು ಕಾಗದ ಕೈಗೆ ಬಂದರೆ ಮುಂದಿನ ವಾರ್ಡ್ ಸಭೆಯಲ್ಲಿ ಅದೇ ಕೆಲಸವನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಬರೆಸಿ.